ಫಿಟರ್ ಮಾಸ್ತರರ ಗಚ್ಚಿ ಖಾಲಿಯಾದದ್ದು

ಸತ್ತವರ ಬಗ್ಗೆ ಮಾತಾಡುವಾಗ ದನಿ ತಗ್ಗಿಸಬೇಕು, ಮುಖ ಸಣ್ಣದು ಮಾಡಿಕೊಳ್ಳಬೇಕು ಎಂದು ನಮ್ಮಲ್ಲೊಂದು ರೂಢಿ. ನಮ್ಮ ಫಿಟರ್ ಮಾಸ್ತರರ ವಿಷಯದಲ್ಲಿ ಅದು ಯಾರಿಗೂ ಸಾಧ್ಯವಾಗಲಿಲ್ಲ. ಆಷಾಢದಲ್ಲಿ ಅವರು ತೀರಿಕೊಂಡ ದಿನದಿಂದ ನೋಡುತ್ತಿದ್ದೇನೆ, ಮಾತಾಡಿಸಲು ಬಂದವರು ಕಣ್ಣೊರೆಸಿಕೊಳ್ಳುತ್ತ ಶುರು ಮಾಡುತ್ತಾರೆ, ಹೊಟ್ಟೆ ಹಿಡಿದುಕೊಂಡು ಮುಗಿಸುತ್ತಾರೆ.

ಪುಣೆಯ ಹತ್ತಿರ ಭೋಸರಿಯ ಒಂದು ಐಟಿಐಯಲ್ಲಿ ಅವರು ಫಿಟರ್ ಟ್ರೇಡಿನ ಮಾಸ್ತರು, ನಾನು ಡ್ರಾಯಿಂಗ್ ಕಲಿಸುವ ಅಕ್ಕೋರು. ಅವರು ಗೋಕಾಕದ ಕಡೆಯವರು, ನಾನು ಧಾರವಾಡದವಳು. ಮನೆಯೂ ಒಂದೇ ಬಿಲ್ಡಿಂಗಿನಲ್ಲಿ. ಅವರದು ಎಲ್ಲಕ್ಕೂ ಮೇಲಿನ ಮಾಳಿಗೆ, ನನ್ನದು ಅದರ ಕೆಳಗಿನದು. ಅವರ ತಲೆಯ ಮೇಲೆ ಗಚ್ಚಿ, ಅಂದರೆ ತಾರಸಿ. ಆ ಗಚ್ಚಿಯ ತುಂಬ ಮಾಸ್ತರರ ಗಿಡಗಳು. ಕುಂಡ, ಡಬ್ಬಿ, ಒಡೆದ ಬಕೆಟ್, ಗ್ರೀಸಿನ ಖಾಲಿ ಡ್ರಮ್ಮು, ಮಣ್ಣು ಹಿಡಿಯುವಂಥದ್ದು ಏನು ಕಂಡರೂ ಅವರು ಅದರಲ್ಲೊಂದು ಗಿಡ ನೆಡುತ್ತಿದ್ದರು.

ಅವರು ಹೋದ ಮೇಲೆ ಒಂದು ಪೇಚು ಬಂತು. ನಮ್ಮ ಬಿಲ್ಡಿಂಗನ್ನು ಕೆಡವಿ ಹೊಸದು ಕಟ್ಟುತ್ತಾರಂತೆ, ದೀಪಾವಳಿ ಮುಗಿಯುತ್ತಲೂ ಎಲ್ಲರೂ ಮನೆ ಬಿಡಬೇಕು. ಮಾಸ್ತರರ ಹೆಂಡತಿಗೆ, ಅವರನ್ನು ನಾನು ವೈನಿ ಎಂದು ಕರೆಯುವುದು, ಸಿಕ್ಕ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಒಂದು ಖುರ್ಚಿ ಇಟ್ಟರೆ ಕಾಲು ಒಳಗೆ ಚಾಚಬೇಕು. ಗಿಡಗಳನ್ನು ಯಾರಿಗಾದರೂ ಕೊಡದೆ ಗತಿಯಿಲ್ಲ. ಕೊಡದಿದ್ದರೆ ಗಚ್ಚಿಯ ಜೊತೆ ಅವೂ ಕಲ್ಲುಮಣ್ಣಿನಲ್ಲಿ ಹೂತುಹೋಗುತ್ತವೆ. ಆದರೆ ಕೇಳಲು ಬಂದವರಿಗೆಲ್ಲ ವೈನಿಯ ಉತ್ತರ ಒಂದೇ: "ನಾ ಯಾರಿಗೂ ಕೊಡೂದಿಲ್ಲ." ಯಾಕೆ ಎಂದರೆ ಒಳಗೆ ಹೋಗಿ ಚಹಾಕ್ಕೆ ಇಡುತ್ತಿದ್ದರು.

ನನಗೋ ಹುಟ್ಟಿದಾಗಿನಿಂದ 'ಯಾಕೆ' ಎಂದು ಕೇಳುವ ಚಟ. ಉತ್ತರ ಸಿಗದಿದ್ದರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಆ ಉತ್ತರಕ್ಕಾಗಿ ಕಾಯುತ್ತಿದ್ದಾಗ ನೆನಪಾದವು ಇವೆಲ್ಲ.

ಮೆಂತ್ಯದ ಟ್ರೇಡು

ಫಿಟರ್ ಟ್ರೇಡಿಗೆ ಸೇರಿದ ಹುಡುಗರಿಗೆ ಮೊದಮೊದಲು ಒಂದೇ ಕೆಲಸ. ಕಬ್ಬಿಣದ ತುಂಡನ್ನು, ಅದಕ್ಕೆ ಅವರು 'ಜಾಬ್' ಎನ್ನುತ್ತಾರೆ, ವೈಸಿನಲ್ಲಿ ಬಿಗಿದು ಅರದಿಂದ ತಿಕ್ಕುವುದು, ಮೈ ಸಪಾಟಾಗುವ ತನಕ ತಿಕ್ಕುತ್ತಲೇ ಇರುವುದು. ಅಂಗೈಯಲ್ಲಿ ಬೊಬ್ಬೆ ಏಳುತ್ತವೆ, ಹುಡುಗರಿಗೆ ಅಳು ಬರುತ್ತದೆ. ಆಗ ಮಾಸ್ತರು ಅವರನ್ನು ವರ್ಕ್‌ಶಾಪಿನ ಹಿಂದೆ ಕರೆದುಕೊಂಡು ಹೋಗಿ ಕೈಗೆ ಖುರಪಿ ಕೊಡುತ್ತಿದ್ದರು. ಅಲ್ಲಿ ಮೆಂತ್ಯದ ಮಡಿ ಮಾಡಬೇಕು. ಆ ಮಡಿಯ ಮೂಲೆಗಳನ್ನು ಗುಣ್ಯಾ ಇಟ್ಟು ನೋಡುತ್ತಿದ್ದರು, ಕಬ್ಬಿಣದ ಮೂಲೆ ನೇರವಿದೆಯೋ ಇಲ್ಲವೋ ಎಂದು ನೋಡುವ ಅದೇ ಗುಣ್ಯಾ. ಮೂಲೆ ವಕ್ರವಾಗಿದ್ದರೆ ಮಡಿ ಕೆಡಿಸಿ ಮತ್ತೆ ಮಾಡಿಸುತ್ತಿದ್ದರು.

ಒಮ್ಮೆ ಇನ್‌ಸ್ಪೆಕ್ಷನ್ನಿಗೆ ಸಾಹೇಬರೊಬ್ಬರು ಬಂದರು. ಎಲ್ಲ ಮಾತು ಮರಾಠಿಯಲ್ಲಿ ನಡೆಯಿತು, ನಾನು ಕನ್ನಡದಲ್ಲಿ ಹೇಳುತ್ತೇನೆ. ಹಿಂದೆ ಹೋಗಿ ನೋಡಿದರೆ ಸರಕಾರಿ ಜಾಗದಲ್ಲಿ ಮೊಣಕಾಲುದ್ದ ಮೆಂತ್ಯ. ಸಾಹೇಬರು ಹುಬ್ಬೇರಿಸಿದರು.

"ಇದು ಯಾವ ಟ್ರೇಡ್ ಮಾಸ್ತರ್?"

"ಫಿಟರ್ ಟ್ರೇಡೇ ಸಾಹೇಬರೆ. ಮಣ್ಣು ಸಪಾಟು ಮಾಡಲು ಬರದವನಿಗೆ ಕಬ್ಬಿಣ ಹೇಗೆ ಬರುತ್ತದೆ?"

ಸಾಹೇಬರು ಬಗ್ಗಿ ನೋಡಿದರು. ಗುಣ್ಯಾ ಕೇಳಿ ಇಸಿದುಕೊಂಡು ತಾವೇ ಒಂದು ಮೂಲೆಗೆ ಇಟ್ಟರು. ಎಳ್ಳಷ್ಟೂ ಸಂದು ಇರಲಿಲ್ಲ. ನಮ್ಮ ಪ್ರಿನ್ಸಿಪಾಲರು ಉಸಿರು ಹಿಡಿದು ನಿಂತಿದ್ದರು, ನಾನು ಕಿಟಕಿಯಿಂದ ಇಣುಕುತ್ತಿದ್ದೆ. ಸಾಹೇಬರು ಗುಣ್ಯಾ ವಾಪಸು ಕೊಟ್ಟು ಹೋದರು. ವರದಿಯಲ್ಲಿ ಏನು ಬರೆದರೋ ನಮಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಮುಂದಿನ ಸಲ ಇನ್‌ಸ್ಪೆಕ್ಷನ್ನಿಗೆ ಬಂದಾಗ ಬಗಲಲ್ಲಿ ಕಾಯಿಪಲ್ಯದ ಚೀಲ ಇಟ್ಟುಕೊಂಡೇ ಬಂದಿದ್ದರು.

ಯಾವ ಭಾಷೆಯಲ್ಲಿ ಬಯ್ಯಬೇಕು

ಮಾಸ್ತರು ಹುಡುಗರೊಡನೆ ಮರಾಠಿ ಮಾತಾಡುತ್ತಿದ್ದರು, ಕೆಟ್ಟುನಿಂತ ಮಶೀನಿನೊಡನೆ ಹಿಂದಿ, ಗಿಡಗಳೊಡನೆ ಮಾತ್ರ ಅಪ್ಪಟ ಗೋಕಾಕದ ಕನ್ನಡ. ನನಗೆ ಕುತೂಹಲ ತಡೆಯಲಿಲ್ಲ. "ಅಲ್ರೀ ಮಾಸ್ತರ್ರ, ಈ ಗಿಡಾ ಎಲ್ಲಾ ಪುಣೆದಾಗ ಹುಟ್ಟ್ಯಾವ. ಇವಕ್ಕ ಕನ್ನಡ ಯಾಕ?" ಎಂದು ಕೇಳಿಯೇಬಿಟ್ಟೆ.

"ಮರಾಠಿದಾಗ ಬಯ್ದ್ರ ಕೆಳಗಿನ ಮನಿಯವ್ರು ತಮಗ ಬಯ್ದ್ರು ಅಂತ ತಿಳ್ಕೋತಾರ್ರಿ ಅಕ್ಕೋರ."

ಆದರೆ ಕನ್ನಡದಲ್ಲಿ ಬಯ್ದದ್ದೂ ಕೆಲಸ ಕೆಡಿಸಿತು. ಎರಡನೇ ಮಾಳಿಗೆಯಲ್ಲಿ ಒಬ್ಬ ಮರಾಠಿ ಕಾಕಾ ಹೊಸದಾಗಿ ಬಂದಿದ್ದರು. ಕನ್ನಡದ ಒಂದಕ್ಷರ ತಿಳಿಯದು. ದಿನಾ ಬೆಳಿಗ್ಗೆ ಹಾಲು ತರಲು ಎದ್ದಾಗ ಮೇಲಿನಿಂದ ಮಾಸ್ತರರ ದೊಡ್ಡ ದನಿ ಕೇಳುತ್ತಿತ್ತು. "ನಾಚಿಕಿ ಬರೂದಿಲ್ಲ ನಿನಗ? ಬರೇ ತಿಂದು ತಿಂದು ದಪ್ಪಗಾಗೀದಿ! ಮಂದಿ ಮನ್ಯಾಗ ನೋಡು, ಹ್ಯಾಂಗ ದುಡೀತಾವ!" ಮಾತು ತಿಳಿಯದಿದ್ದರೂ ಧಾಟಿ ತಿಳಿಯುತ್ತಿತ್ತಲ್ಲ. ಪಾಪ, ಆ ಹೆಂಗಸು ಎಷ್ಟು ಸಹಿಸಿಕೊಂಡಾಳು ಎಂದು ಕಾಕಾ ಒಂದು ದಿನ ಧೈರ್ಯ ಮಾಡಿ ಜಗಳ ಬಿಡಿಸಲು ಮೇಲೆ ಹತ್ತಿದರು. ನಾನೂ ಹಿಂದೆ ಹೋದೆ. ಇಂಥದ್ದನ್ನೆಲ್ಲ ನಾನು ಬಿಡುವವಳಲ್ಲ.

ಗಚ್ಚಿಯಲ್ಲಿ ಮಾಸ್ತರು ಸೊಂಟದ ಮೇಲೆ ಕೈಯಿಟ್ಟು ಒಂದು ನಿಂಬೆ ಗಿಡದ ಎದುರು ನಿಂತಿದ್ದರು. ನೆಟ್ಟು ಎಷ್ಟೋ ವರ್ಷವಾದರೂ ಒಂದು ಕಾಯಿ ಬಿಟ್ಟಿರಲಿಲ್ಲ ಅದು. ವೈನಿ ಆಚೆ ಕಡೆ ಒಗೆದ ಬಟ್ಟೆ ಒಣಹಾಕುತ್ತಿದ್ದರು. ಕಾಕಾ ತೊದಲುತ್ತ, "ನಿಮಗೆ ಬಯ್ಯುತ್ತಿದ್ದಾರೆ ಅಂತ ತಿಳಿದೆ" ಎಂದು ಮರಾಠಿಯಲ್ಲಿ ಅಂದರು. ವೈನಿ ಸೀರೆ ಜಾಡಿಸಿ ಹಗ್ಗಕ್ಕೆ ಹಾಕಿ ನನ್ನ ಕಡೆ ತಿರುಗಿದರು.

"ಅಕ್ಕೋರ, ನೀವ ತಿಳಿಸಿ ಹೇಳ್ರಿ ಇವ್ರಿಗೆ. ನನ್ನ ಜೋಡಿ ಇವ್ರು ದಿನಾ ಇಷ್ಟ ಮಾತಾಡಿದ್ರ ನಾನ ನಿಂಬಿಹಣ್ಣ ಬಿಡ್ತಿದ್ದೆ!"

ಹತ್ತಕ್ಕೆ ಎಂಟು

ತಮ್ಮ ಕಡೆಯ ಒಂದು ಲಗ್ನಕ್ಕೆಂದು ಮಾಸ್ತರು, ವೈನಿ ಇಬ್ಬರೂ ಊರಿಗೆ ಹೋದರು. ಗಚ್ಚಿಯ ಕೀಲಿ ಇಬ್ಬರು ಶಿಷ್ಯರ ಕೈಗೆ ಬಂತು. ತರಗತಿಯಲ್ಲಿ ಎಲ್ಲರಿಗಿಂತ ಶಿಸ್ತಿನವರನ್ನೇ ಆರಿಸಿದ್ದರು, ಅಲ್ಲೇ ತಪ್ಪಾದದ್ದು. ಸಾಮಾನ್ಯ ಹುಡುಗರಾಗಿದ್ದರೆ ನೀರು ಹಾಕಿ ಮನೆಗೆ ಹೋಗುತ್ತಿದ್ದರು. ಇವರು ಮಾಸ್ತರರಿಂದ ಕಲಿತದ್ದನ್ನು ಚಾಚೂ ತಪ್ಪದೆ ಮಾಡಿದರು. ಮಶೀನು ನಿಮ್ಮ ವಶಕ್ಕೆ ಬಂತೆಂದರೆ ಮೊದಲು ಧೂಳು ಒರೆಸಬೇಕು, ಆಮೇಲೆ ತುಕ್ಕು ತೆಗೆಯಬೇಕು.

ಎಲೆಗಳನ್ನು ಒಂದೊಂದಾಗಿ ಒದ್ದೆ ಅರಿವೆಯಿಂದ ಒರೆಸಿದರು. ಅಲ್ಲಿಯವರೆಗೆ ಚೆನ್ನಾಗಿತ್ತು. ಆಮೇಲೆ ದಾಳಿಂಬೆಯ ಕಾಂಡ ನೋಡಿದರು. ಕಂದು ಬಣ್ಣ, ಒರಟು ಮೈ, ಅಲ್ಲಲ್ಲಿ ಪದರು ಎದ್ದಿದೆ. ವರ್ಕ್‌ಶಾಪಿನಿಂದ ತುಕ್ಕು ಉಜ್ಜುವ ಎಮರಿ ಪೇಪರ್ ತಂದರು.

ಮಾಸ್ತರು ಊರಿಂದ ಬಂದು ಗಚ್ಚಿ ಹತ್ತಿದಾಗ ದಾಳಿಂಬೆಯ ಕಾಂಡ ಬಿಳಿ ಬಿಳಿಯಾಗಿ ನುಣ್ಣಗೆ ಹೊಳೆಯುತ್ತಿತ್ತು. ತೊಗಟೆಯ ಹೆಸರಿಲ್ಲ. ಇಬ್ಬರೂ ಕೈಕಟ್ಟಿ ಅಟೆನ್ಷನ್ನಿನಲ್ಲಿ ನಿಂತಿದ್ದರು, ಶಭಾಷ್‌ಗಿರಿ ಬರುತ್ತದೆಂದು. ಆ ದಾಳಿಂಬೆಯ ಮೇಲೆ ಮಾಸ್ತರರಿಗೆ ಎಷ್ಟು ಜೀವವಿತ್ತೆಂದು ನನಗೆ ಗೊತ್ತಿತ್ತು. ಸಿಟ್ಟಿಗೇಳುತ್ತಾರೋ, ಅತ್ತೇ ಬಿಡುತ್ತಾರೋ? ಮಾಸ್ತರು ಕುಕ್ಕರಗಾಲಿನಲ್ಲಿ ಕೂತರು. ಕಾಂಡದ ಮೇಲೆ ಹೆಬ್ಬೆರಳಾಡಿಸಿದರು, ಕೆಳಗಿನಿಂದ ಮೇಲೆ, ಮೇಲಿನಿಂದ ಕೆಳಗೆ. ಕಣ್ಣು ಮುಚ್ಚಿ ಇನ್ನೊಮ್ಮೆ ಆಡಿಸಿದರು. ಆಮೇಲೆ ಎದ್ದು ಮರಾಠಿಯಲ್ಲಿ ಶಾಂತವಾಗಿ ಹೇಳಿದರು: "ಫಿನಿಶಿಂಗ್‌ಗೆ ಹತ್ತಕ್ಕೆ ಎಂಟು. ಜಾಬ್ ಸತ್ತಿದೆ."

ಲೋಣಾವಳಾದ ಡಬ್ಬಿ

ಲೋಣಾವಳಾಕ್ಕೆ ಹೋದವರು ಚಿಕ್ಕಿ ತರದೆ ಬಂದರೆ ಪುಣೆಯಲ್ಲಿ ಮನೆಯೊಳಗೆ ಸೇರಿಸುವುದಿಲ್ಲ. ಮಳೆಗಾಲದಲ್ಲಿ ಹುಡುಗರನ್ನು ಆ ಕಡೆಯ ಕಾರ್ಖಾನೆಯೊಂದನ್ನು ತೋರಿಸಲು ಕರೆದುಕೊಂಡು ಹೋಗಿದ್ದ ಮಾಸ್ತರು ಕೂಡ ಚಿಕ್ಕಿಯ ಡಬ್ಬಿಯನ್ನೇ ಕೊಂಡರು. ಲೋಕಲ್ ಟ್ರೇನು ಹತ್ತುವ ಮೊದಲು ಚಿಕ್ಕಿಯನ್ನೆಲ್ಲ ಹುಡುಗರಿಗೆ ಹಂಚಿಬಿಟ್ಟರು. ಅವರಿಗೆ ಬೇಕಾಗಿದ್ದದ್ದು ಡಬ್ಬಿ. ದಾರಿಯ ಬದಿಯಲ್ಲಿ ಮಳೆಗೆ ನೆನೆದ ಕರಿಮಣ್ಣು ಕಂಡಿದ್ದರಂತೆ, ಅದರ ತುಂಬ ದಷ್ಟಪುಷ್ಟ ಎರೆಹುಳ. ಅಂಥ ಹುಳ ಪುಣೆಯಲ್ಲಿ ಎಲ್ಲಿ ಸಿಗಬೇಕು?

ಮನೆಗೆ ಬಂದವರು ಡಬ್ಬಿಯನ್ನು ಅಡಿಗೆಮನೆಯ ಕಟ್ಟೆಯ ಮೇಲಿಟ್ಟು ಬಟ್ಟೆ ಬದಲಿಸಲು ಹೋದರು. ಅದೇ ಹೊತ್ತಿಗೆ ವೈನಿಯ ತಂಗಿಯ ಮಗಳನ್ನು ನೋಡಲು ವರನ ಕಡೆಯವರು ಬಂದು ಕೂತಿದ್ದರು. ಭಾಳ ಮಡಿಯ ಮಂದಿ. ನೀರು ಕುಡಿಯುವ ಮೊದಲೂ ಪಾತ್ರೆ ತಿರುಗಿಸಿ ನೋಡುವವರು. ಉಪ್ಪಿಟ್ಟು ಆಯಿತು, ಚಹಾ ಆಯಿತು. "ನಮ್ಮವ್ರು ಈಗ ಲೋಣಾವಳಾದಿಂದ ಬಂದಾರ, ತಾಜಾ ಚಿಕ್ಕಿ ಅದ, ತಗೋರಿ" ಎಂದು ವೈನಿ ಅಕ್ಕರೆಯಿಂದ ಡಬ್ಬಿಯ ಮುಚ್ಚಳ ತೆಗೆದು ವರನ ಅಜ್ಜಿಯ ಮುಂದೆ ಹಿಡಿದರು. ಸಹಾಯಕ್ಕೆಂದು ಬಂದಿದ್ದ ನಾನು ಪಕ್ಕದಲ್ಲೇ ಇದ್ದೆ. ಮಣ್ಣಿನಿಂದ ಒಂದು ಹುಳ ನಿಧಾನವಾಗಿ ತಲೆಯೆತ್ತಿ, ಮೈ ಉದ್ದ ಮಾಡಿ, ಅಜ್ಜಿಯ ಕಡೆ ನೋಡಿತು.

ಕೂಗಿದ್ದು ವೈನಿ, ಅಜ್ಜಿಯಲ್ಲ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಡಬ್ಬಿಯೊಳಗೆ ಇಣುಕಿ, ಗಂಭೀರವಾಗಿ ಕೈಮುಗಿದರು.

"ಬ್ಯಾಡ್ರಿ. ನಮ್ಮ ಮನ್ಯಾಗ ಉಳ್ಳಾಗಡ್ಡಿನೂ ತಿನ್ನೂದಿಲ್ಲ."

ಎರಡು ನಿಮಿಷದ ಮೌನ

ಶ್ರಾವಣದಲ್ಲಿ ಐಟಿಐಯವರು ಶ್ರದ್ಧಾಂಜಲಿ ಸಭೆ ಇಟ್ಟರು. ಮಾಸ್ತರರ ಕೈಯಲ್ಲಿ ಕಲಿತ ಹುಡುಗರು ಈಗ ಹುಡುಗರಲ್ಲ. ಕೆಲವರು ಫೋರ್‌ಮನ್ನರು, ಕೆಲವರು ಭೋಸರಿಯಲ್ಲಿ ಸ್ವಂತ ವರ್ಕ್‌ಶಾಪು ಇಟ್ಟವರು, ತಲೆ ಬೆಳ್ಳಗಾದವರೂ ಇದ್ದರು. ವೈನಿ ಮೊದಲ ಸಾಲಿನಲ್ಲಿ ಕೂತಿದ್ದರು. ಮಾಸ್ತರು ಹೋದಾಗಿನಿಂದ ಅವರು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಅತ್ತದ್ದನ್ನೂ ಕಂಡಿರಲಿಲ್ಲ. ಅದು ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತ್ತು.

ಪ್ರಿನ್ಸಿಪಾಲರು ಎರಡು ನಿಮಿಷ ಮೌನ ಎಂದರು. ಎಲ್ಲರೂ ಎದ್ದು ತಲೆ ತಗ್ಗಿಸಿದರು. ನಾನು ತಗ್ಗಿಸಲಿಲ್ಲ, ಯಾರು ಹೇಗೆ ನಿಂತಿದ್ದಾರೆ ಎಂದು ನೋಡುವ ಆಸೆ. ನೋಡಿದರೆ ಒಬ್ಬೊಬ್ಬರೂ ಮೆಲ್ಲಗೆ ತಲೆ ಎತ್ತುತ್ತಿದ್ದಾರೆ. ಎಲ್ಲರ ಕಣ್ಣೂ ಗೋಡೆಯ ಮೇಲಿನ ಮಾಸ್ತರರ ಫೋಟೋದ ಮೇಲೆ. ಮೊದಲು ಭಕ್ತಿ ಎಂದುಕೊಂಡೆ. ಆಮೇಲೆ ತಿಳಿಯಿತು, ಫೋಟೋ ಒಂದು ಕೂದಲೆಳೆಯಷ್ಟು ಬಲಕ್ಕೆ ವಾಲಿತ್ತು. ನಮ್ಮ ನಿಮ್ಮ ಕಣ್ಣಿಗೆ ಬೀಳುವಷ್ಟಲ್ಲ. ಆದರೆ ಅಲ್ಲಿದ್ದವರೆಲ್ಲ ಫಿಟರುಗಳು.

ಒಬ್ಬ ತಡೆದುಕೊಳ್ಳಲಾರದೆ ಬೆಕ್ಕಿನ ಹೆಜ್ಜೆಯಿಟ್ಟು ಹೋಗಿ ಸರಿಮಾಡಿದ. ಹಿಂದಿನಿಂದ ಇನ್ನೊಬ್ಬ ಕೈಸನ್ನೆ ಮಾಡಿದ, ಎಡಕ್ಕೆ ಜಾಸ್ತಿಯಾಯಿತು ಎಂದು. ಮೂರನೆಯವನು ಸ್ಟೂಲು ತಂದ. ಯಾರದೋ ಜೇಬಿನಿಂದ ರಸಮಟ್ಟ ಹೊರಬಂತು, ಶ್ರದ್ಧಾಂಜಲಿಗೆ ಬರುವಾಗ ಅದನ್ನು ಯಾಕೆ ತಂದಿದ್ದನೋ ದೇವರಿಗೇ ಗೊತ್ತು. ಅದನ್ನು ಫೋಟೋದ ಮೇಲಿಟ್ಟರು. ಗುಳ್ಳೆ ನಡುವೆ ನಿಲ್ಲಲಿಲ್ಲ. ಗೋಡೆಯ ಮೊಳೆಯೇ ಸೊಟ್ಟಗಿದೆ ಎಂದು ಕಣ್ಣಲ್ಲೇ ಮಾತಾಡಿಕೊಂಡರು. ಸುತ್ತಿಗೆ ಬಂತು. ಅಷ್ಟೂ ಹೊತ್ತು ಯಾರೂ ತುಟಿ ಬಿಚ್ಚಲಿಲ್ಲ, ಮೌನವಲ್ಲವೆ.

"ಮೌನ ಮುಗಿದು ಬಹಳ ಹೊತ್ತಾಯಿತು, ಕೂತುಕೊಳ್ಳಿ" ಎಂದರು ಪ್ರಿನ್ಸಿಪಾಲರು.

ಸ್ಟೂಲಿನ ಮೇಲಿದ್ದವನು ತಿರುಗಿಯೂ ನೋಡದೆ, "ತಡೀರಿ ಸರ್, ಇನ್ನೂ ಅರ್ಧ ಮಿಲಿಮೀಟರ್ ಬಾಕಿ ಇದೆ" ಎಂದ.

ಮೊದಲ ಸಾಲಿನಿಂದ ಒಂದು ದನಿ ಕೇಳಿತು. ವೈನಿ ನಗುತ್ತಿದ್ದರು. ನಗುತ್ತ ನಗುತ್ತ ಕಣ್ಣಿನಿಂದ ನೀರು ಸುರಿಯತೊಡಗಿತು. ನನಗೂ ಅಳು ಬಂತು. ಫೋಟೋ ಮಾತ್ರ ನೆಟ್ಟಗೆ ನಿಂತಿತು.

ನನ್ನ ಕಾವಲು

ದೀಪಾವಳಿ ಮುಗಿಯಿತು. ಸಾಮಾನು ಕಟ್ಟುವ ಗದ್ದಲ ಶುರುವಾಯಿತು. ಗಚ್ಚಿಯ ಮೇಲೆ ಗಿಡಗಳು ಹಾಗೆಯೇ ಇದ್ದವು. ಶಿಷ್ಯರು ಬಂದು ಕೇಳಿದರು, ಬಿಲ್ಡಿಂಗಿನ ಸೊಸೈಟಿಯ ಚೇರ್ಮನ್ನರು ಬಂದು ಕೇಳಿದರು, ಮಾರ್ಕೆಟ್ ಯಾರ್ಡಿನಲ್ಲಿ ಅಡತಿ ಅಂಗಡಿ ಇಟ್ಟ ನಮ್ಮೂರ ಕಡೆಯವರು ಟೆಂಪೋ ಸಮೇತ ಬಂದು ಕೇಳಿದರು. ವೈನಿ "ಕೊಡೂದಿಲ್ಲ" ಎಂದು ಎಲ್ಲರಿಗೂ ಚಹಾ ಕುಡಿಸಿ ಕಳಿಸಿದರು. ಆ ದಿನ ನಾನು ಅಡಿಗೆಮನೆಯ ಬಾಗಿಲಿಗೆ ಅಡ್ಡ ನಿಂತೆ. ಚಹಾಕ್ಕೆ ಇಡಲು ಬಿಡಲಿಲ್ಲ.

"ಇವತ್ತ ಹೇಳಬೇಕ್ರಿ ವೈನಿ. ಯಾಕ ಕೊಡೂದಿಲ್ಲ?"

ವೈನಿ ನೆಲಕ್ಕೆ ಕೂತರು. "ಕೊಟ್ಟ ಗಿಡ ಹತ್ತೂದಿಲ್ರಿ ಅಕ್ಕೋರ. ಕದ್ದ ಗಿಡ ಹತ್ತತದ. ಹಿಂಗಂತ ಅವ್ರು ಯಾವತ್ತೂ ಯಾರಿಗೂ ಕೈಯಾರೆ ಕೊಟ್ಟವ್ರಲ್ಲ. ಯಾರರೆ ಕೇಳಿದ್ರ, ನಾ ಒಳಗ ನೀರ ಕುಡೀಲಿಕ್ಕೆ ಹೋಗ್ತೀನಿ ಅಂತಿದ್ರು."

ಕದ್ದು ತಂದ ಗಿಡವೇ ಬೇರೂರುತ್ತದೆ ಎಂಬ ಈ ನಂಬಿಕೆ ನಮ್ಮ ಕಡೆಯೂ ಇದೆ, ಇಲ್ಲಿಯವರಲ್ಲೂ ಇದೆ. ಆದರೆ ಕೂದಲಿನ ದಪ್ಪ ಅಳೆದು ಹೇಳುವ ಮನುಷ್ಯ ಇದನ್ನು ನಂಬುತ್ತಿದ್ದರೇ? ಕೇಳಿದೆ.

"ನಂಬತಿದ್ರೋ ಬಿಡತಿದ್ರೋ! ಕೊಟ್ಟದ್ದನ್ನ ಮಂದಿ ಮೂಲ್ಯಾಗ ಇಟ್ಟು ಮರೀತಾರ, ಕದ್ದು ತಂದದ್ದನ್ನ ಭಾಳ ಜ್ವಾಕಿ ಮಾಡ್ತಾರ, ಅಂತಿದ್ರು. ಅವ್ರಂತೂ ಹ್ವಾದ್ರು. ಇನ್ನ ನಾ ಕೊಟ್ಟು, ಆ ಗಿಡಾ ಅಲ್ಲಿ ಇಲ್ಲಿ ಒಣಗಿದ್ವು ಅಂದ್ರ ನನಗ ತಡಕೊಳ್ಳಿಕ್ಕೆ ಆಗೂದಿಲ್ರಿ."

ಆಮೇಲೆ ವೈನಿ ಕಣ್ಣೊರೆಸಿಕೊಂಡು, ನನ್ನ ಮುಖ ನೋಡದೆ ಹೇಳಿದರು. "ನಾಳೆ ಸಂಜಿಮುಂದ ನಾ ಮಾರುತಿ ಗುಡಿಗೆ ಹೋಗ್ತೀನಿ. ಗಚ್ಚಿ ಬಾಗಲಾ ಹಾಕೂದು ಮರೀತೀನಿ ಅಂತ ಕಾಣಸ್ತದ. ನೀವು ಕಾವಲಿಗೆ ಕೂಡ್ರಿ. ನಿಮಗ ದೂರಿಂದು ಸರಿ ಕಾಣೂದಿಲ್ಲ ಅಲ್ಲ?"

ನನ್ನ ಕಣ್ಣು ಹದ್ದಿನದು. ಆದರೂ "ಒಟ್ಟ ಕಾಣೂದಿಲ್ರಿ" ಎಂದೆ. ಆ ರಾತ್ರಿಯೇ ಭೋಸರಿಗೆಲ್ಲ ಸುದ್ದಿ ಮುಟ್ಟಿಸಿದೆ.

ಮರುದಿನ ವೈನಿ ಗುಡಿಗೆ ಹೊರಟದ್ದೇ ತಡ, ಕಳ್ಳರು ಬಂದರು. ನಾನು ಗಚ್ಚಿಯಲ್ಲಿ ಖುರ್ಚಿ ಹಾಕಿ ಮುಖದ ಮುಂದೆ ಪೇಪರು ಹಿಡಿದಿದ್ದೆ. ವರ್ಕ್‌ಶಾಪು ಮಾಲೀಕರು ಕಾರಿನಲ್ಲಿ ಬಂದು ಪ್ಯಾಂಟು ಮಡಚಿ ಕದ್ದರು. ನಾಲ್ವರು ದಾಸವಾಳದ ಡ್ರಮ್ಮನ್ನು ಹೊತ್ತು ಮೆಟ್ಟಿಲಲ್ಲಿ ಸಿಕ್ಕಿಬಿದ್ದು, "ಮೇಡಂ, ನೀವು ನೋಡುತ್ತಿಲ್ಲ ತಾನೆ?" ಎಂದು ಮರಾಠಿಯಲ್ಲಿ ಕೂಗಿದರು. "ಇಲ್ಲಪ್ಪ, ಎಡಗಡೆ ಸ್ವಲ್ಪ ಎತ್ತು, ರೆಂಬೆ ಮುರಿದೀತು" ಎಂದೆ. ಗಚ್ಚಿ ಸೋರುತ್ತದೆ ಎಂದು ಸದಾ ನೋಟಿಸು ಹಚ್ಚುತ್ತಿದ್ದ ಚೇರ್ಮನ್ನರು ಚಪ್ಪಲಿ ಕೈಯಲ್ಲಿ ಹಿಡಿದು ತುದಿಗಾಲಲ್ಲಿ ಬಂದು ಗುಲಾಬಿಯ ಕುಂಡ ಎತ್ತಿದರು. ವಾಚ್‌ಮನ್, ಇಂಡಿ ಕಡೆಯವನು, ಕೋಲು ಹಿಡಿದು ಏದುಸಿರು ಬಿಡುತ್ತ ಮೇಲೆ ಓಡಿಬಂದ.

"ಅಕ್ಕೋರ, ಪಾರ್ಕಿಂಗಿನ ತುಂಬ ಕಳ್ಳರು ನಿಂತಾರ್ರಿ!"

ನಾನು ವಿಷಯ ಹೇಳಿದೆ. ಅವನು ತಲೆ ಕೆರೆದುಕೊಂಡು, ಕೋಲನ್ನು ನನ್ನ ಕೈಗೆ ಕೊಟ್ಟು, ಕರಿಬೇವಿನ ಡಬ್ಬಿ ಬಗಲಿಗೆ ಇರುಕಿಕೊಂಡು ಇಳಿದ.

ವೈನಿ ಬಂದಾಗ ಗಚ್ಚಿ ಬಯಲಾಗಿತ್ತು. ಕುಂಡಗಳಿದ್ದ ಕಡೆ ಒದ್ದೆಯ ದುಂಡನೆಯ ಗುರುತು ಉಳಿದಿದ್ದವು. ವೈನಿ ಅವುಗಳ ನಡುವೆ ಓಡಾಡಿದರು. ನೀರಿನ ಟಾಕಿಯ ಹಿಂದೆ ಒಂದೇ ಒಂದು ಸಣ್ಣ ಕುಂಡ ಉಳಿದಿತ್ತು, ಮರುಗ. ಹೂವಿನ ದಂಡೆಯಲ್ಲಿ ಸೇರಿಸಿ ಕಟ್ಟುತ್ತಾರಲ್ಲ, ಆ ಘಮಘಮ ಎಲೆಯದು. ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಛಲೋ ಆತು. ಇದನ್ನ ನೀವ ಒಯ್ರಿ ವೈನಿ, ನಿಮ್ಮ ಬಾಲ್ಕನಿಗೆ ಸಾಕು" ಎಂದೆ.

ಅವರ ಮುಖ ಬಾಡಿತು. "ನಂದ ಗಿಡಾ ನಾ ಹ್ಯಾಂಗ ಕದೀಲಿ?" ಬಹಳ ಹೊತ್ತು ಕುಂಡವನ್ನೇ ನೋಡುತ್ತ ನಿಂತು, "ನೀವ ಒಯ್ರಿ" ಎಂದು ಕೆಳಗಿಳಿದರು. ನನಗೆ ಸಂಕಟವಾಯಿತು. ಎಲ್ಲರ ಮನೆಗೂ ಮಾಸ್ತರರ ಗಿಡ ಹೋಯಿತು, ಇವರ ಮನೆಗೆ ಒಂದಿಲ್ಲ. ಒಯ್ಯದೆ ಬಿಟ್ಟರೆ ಒಣಗುತ್ತದಲ್ಲ ಎಂದು ಮರುಗವನ್ನು ತಂದು ನನ್ನ ಬಾಗಿಲ ಹೊರಗೆ, ಚಪ್ಪಲಿ ಸ್ಟ್ಯಾಂಡಿನ ಪಕ್ಕ ಇಟ್ಟುಕೊಂಡೆ.

ವೈನಿ ಮನೆ ಬಿಡುವ ದಿನ ಬಂತು. ಟೆಂಪೋ ಮುಂದೆ ಹೋಗಿತ್ತು, ಆಟೋ ಗೇಟಿನಲ್ಲಿ ನಿಂತಿತ್ತು. ನನ್ನನ್ನು ತಬ್ಬಿಕೊಂಡು ಅತ್ತು, ಕಳಿಸಲು ಕೆಳಗೆ ಬರಬೇಡಿ ಎಂದು ಆಣೆ ಹಾಕಿ ಹೋದರು. ಯಾಕೆ ಬರಬಾರದು? ನಾನು ಬಾಗಿಲು ತೆರೆದು ಹೊರಬಂದೆ. ಚಪ್ಪಲಿ ಸ್ಟ್ಯಾಂಡಿನ ಪಕ್ಕ ಒದ್ದೆಯ ದುಂಡನೆಯ ಗುರುತು. ಬಾಲ್ಕನಿಗೆ ಓಡಿದೆ.

ಕೆಳಗೆ ವೈನಿ ಸೆರಗಿನೊಳಗೆ ಏನೋ ಅವಚಿಕೊಂಡು ದಡದಡ ಗೇಟಿನ ಕಡೆ ನಡೆದಿದ್ದರು. ಸೆರಗಿನ ಮೇಲ್ಗಡೆ ಹಸಿರು ಕುಡಿ ಇಣುಕುತ್ತಿತ್ತು. ವಾಚ್‌ಮನ್ ಎದ್ದುನಿಂತ.

"ಕಾಕೂ, ಸೆರಗಿನಾಗ ಏನ್ರಿ ಅದು? ಅಕ್ಕೋರ ಬಾಗಲಾಗಿನ ಗಿಡ ಅಲ್ಲೇನ್ರಿ?"

ವೈನಿ ಒಂದು ಕ್ಷಣ ನಿಂತರು. ತಲೆಯೆತ್ತಿ ನನ್ನ ಬಾಲ್ಕನಿಯ ಕಡೆ ನೋಡಿದರು, ನಾನು ತಟ್ಟನೆ ಬಾಗಿಲ ಮರೆಗೆ ಸರಿದೆ. ಆಮೇಲೆ ಅವರ ದನಿ ಇಡೀ ಬಿಲ್ಡಿಂಗಿಗೆ ಕೇಳಿತು.

"ಹೌದೋ, ಕಳವು ಮಾಡ್ಲಿಕ್ಕತ್ತೀನಿ! ತಿಳೀಲಿಲ್ಲೇನು? ನೀ ಆ ಕಡೆ ಮಾರಿ ಮಾಡು!"